ಹೆಬ್ಬೆಟ್ಟು ಮೂಡದ ಕೈ

ನಮ್ಮ ಸಂಘದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ವೈದ್ಯ ಮಹಾಶಯರೇ ಬರೆಯುವುದು ವಾಡಿಕೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಂಡಿನೋವು, ಮಕ್ಕಳ ಹಲ್ಲಿನ ರಕ್ಷಣೆ ಮೊದಲಾದ ವಿಷಯಗಳ ಮೇಲೆ ಅವರು ಬರೆದ ಲೇಖನಗಳನ್ನು ನಾನೂ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಈ ಸಲ ಸಂಪಾದಕ ಮಿತ್ರರು ನನ್ನನ್ನು ಬರೆಯಲು ಕೇಳಿದಾಗ, ಜಮಾ-ಖರ್ಚು ತಿಳಿದ ವಾಣಿಜ್ಯ ಪದವೀಧರನಿಗೂ ಆರೋಗ್ಯಕ್ಕೂ ಏನು ಸಂಬಂಧ ಎಂದು ನುಣುಚಿಕೊಳ್ಳಲು ನೋಡಿದೆ. ಆದರೆ ಮೂರು ವರ್ಷಗಳ ಹಿಂದೆ ಕುಷಾಯಿಗೂಡದ ನಮ್ಮ ಶಾಖೆಯಲ್ಲಿ ನಡೆದ ಒಂದು ಪ್ರಸಂಗ ಮನಸ್ಸಿನಲ್ಲಿ ಬಹಳ ದಿನಗಳಿಂದ ಕುಳಿತಿತ್ತು. ಅದನ್ನು ಹೇಳಿಬಿಡೋಣವೆಂದು ಈ ಲೇಖನವನ್ನು ಕೈಗೆತ್ತಿಕೊಂಡಿದ್ದೇನೆ. ಅದರಲ್ಲಿ ನನಗೆ ಶೋಭೆ ತರುವಂಥದು ಹೆಚ್ಚೇನೂ ಇಲ್ಲ.

ಕುಷಾಯಿಗೂಡವನ್ನು ನಮ್ಮವರಲ್ಲಿ ಅನೇಕರು ಇ.ಸಿ.ಐ.ಎಲ್. ಬಸ್ಸಿನ ಫಲಕದ ಮೂಲಕವೇ ಬಲ್ಲರು. 1967ರಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್, ಅನಂತರ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸ್ ಈ ಭಾಗಕ್ಕೆ ಬಂದ ಮೇಲೆ, ಮೌಲಾಲಿ ಗುಡ್ಡದ ಆಚೆ ಕಾಪ್ರಾ, ಚರ್ಲಪಲ್ಲಿಗಳವರೆಗೆ ಕಾರ್ಖಾನೆಗಳೂ ಶೆಡ್ಡುಗಳೂ ಬಡಾವಣೆಗಳೂ ಹಬ್ಬಿದವು. ಆ ಸಂಸ್ಥೆಗಳಲ್ಲಿ ವಿಜ್ಞಾನಿಗಳಾಗಿ, ಎಂಜಿನಿಯರುಗಳಾಗಿ ಬಂದ ಕನ್ನಡಿಗರ ಕುಟುಂಬಗಳು ನಮ್ಮ ಸಂಘದ ಬೆನ್ನೆಲುಬು. ಆದರೆ ಇಲ್ಲಿ ಇನ್ನೊಂದು ಕನ್ನಡವೂ ಇದೆ. ಬೆಳಗ್ಗೆ ಏಳು ಗಂಟೆಗೆ ಕೂಲಿಯವರು ನಿಲ್ಲುವ ಅಡ್ಡಾದ ಮುಂದೆ ಹಾದುಹೋಗುವಾಗ ಕಿವಿಗೊಟ್ಟರೆ ಅದು ಕೇಳಿಸುತ್ತದೆ. ಪಾಲಮೂರಿನ ತೆಲುಗು, ಒಡಿಯಾ, ಬಿಹಾರದ ಹಿಂದಿಗಳ ನಡುವೆ ಯಾದಗಿರಿ, ರಾಯಚೂರು, ನಾರಾಯಣಪೇಟೆಗಳ ಮಾತು ಅದು. ಹಾಸನದ ಕಡೆಯವನಾದ ನನಗೆ ಆ ಕನ್ನಡ ಮೊದಮೊದಲು ಅರ್ಧ ಮಾತ್ರ ಅರ್ಥವಾಗುತ್ತಿತ್ತು. ಆ ಅಡ್ಡಾದಿಂದ ನಮ್ಮ ಸಂಘದ ರಾಜ್ಯೋತ್ಸವಕ್ಕೆ ಒಬ್ಬರೂ ಬಂದದ್ದನ್ನು ನಾನು ಕಂಡಿಲ್ಲ. ನಾವು ಕರೆದದ್ದೂ ಇಲ್ಲ.

ತಿಂಗಳ ಮೊದಲ ವಾರ. ಪಿಂಚಣಿ ಪಡೆಯುವವರ ಸಾಲು ಬಾಗಿಲವರೆಗೆ ಬೆಳೆದಿತ್ತು. ಕೌಂಟರಿನ ಹುಡುಗ ಒಂದು ಪಾಸ್‌ಬುಕ್ ಹಿಡಿದು ನನ್ನ ಮೇಜಿಗೆ ಬಂದು, "ಸಾರ್, ಈತನ ಹೆಬ್ಬೆಟ್ಟು ಸರಿಹೊಂದುತ್ತಿಲ್ಲ" ಎಂದ. ಹಿಂದೆಯೇ ಆ ವೃದ್ಧರೂ ಬಂದು ನಿಂತರು. ವಯಸ್ಸು ಎಪ್ಪತ್ತರ ಆಸುಪಾಸು. ತಲೆಗೆ ರುಮಾಲು, ಕಾಲಿಗೆ ದಪ್ಪ ರಬ್ಬರಿನ, ಹಿಮ್ಮಡಿಗೆ ಪಟ್ಟಿಯಿದ್ದ ಚಪ್ಪಲಿ. ನಾನು ಅಭ್ಯಾಸಬಲದಿಂದ ತಲೆಯೆತ್ತದೆಯೇ ಸ್ಟಾಂಪ್ ಪ್ಯಾಡನ್ನು ಮುಂದಕ್ಕೆ ತಳ್ಳಿ, ತೆಲುಗಿನಲ್ಲಿ, ಎಡಗೈ ಹೆಬ್ಬೆರಳು ಒತ್ತಿ ಎಂದೆ. ಆಗ ಮೇಜಿನ ಮೇಲೆ ಬಂದು ಕುಳಿತ ಕೈಯನ್ನು ನೋಡಿದೆ. ಬೆರಳುಗಳ ಸ್ಥಾನದಲ್ಲಿ ಗಿಡ್ಡನೆಯ ಮೊಳಕೆಗಳಂಥ ಐದು ಉಬ್ಬುಗಳು ಮಾತ್ರ ಇದ್ದವು.

ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ. ಒಂದು ಗೇಣಿನಷ್ಟು ಇರಬಹುದು. ಬೇಕೆಂದು ಮಾಡಿದ್ದಲ್ಲ, ಆದರೆ ಮಾಡಿದೆ. ಅದನ್ನು ಮುಚ್ಚಿಕೊಳ್ಳಲು ನಿಯಮದ ಆಸರೆ ಹಿಡಿದೆ. ಗುರುತು ಹೊಂದದಿದ್ದರೆ ಹಣ ಕೊಡಲಾಗದು, ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ನಾಳೆ ಬನ್ನಿ ಎಂದೆ. ಪಾಸ್‌ಬುಕ್ಕನ್ನು ಕೈಗೆ ಕೊಡದೆ ಮೇಜಿನ ಅಂಚಿಗೆ ಸರಿಸಿದೆ. ಕೌಂಟರಿನ ಹುಡುಗನಿಗೆ ಕನ್ನಡದಲ್ಲಿ ಏನೋ ಗೊಣಗಿದೆನೆಂದು ಕಾಣುತ್ತದೆ. ವೃದ್ಧರ ಮುಖ ಬದಲಾಯಿತು.

"ಕನ್ನಡದವ್ರೇನ್ರಿ ಸಾಹೇಬ್ರ?" ಎಂದರು. "ನಾ ಯಾದಗಿರಿ ಕಡ್ಯಾಂವ್ರಿ. ಬೆಟ್ಟ ಇಲ್ಲದಾಗ ಒತ್ತಂದ್ರ ಎಲ್ಲಿಂದ ಒತ್ಲಿ?"

ನಾನು ಉತ್ತರ ಕೊಡಲಿಲ್ಲ. ಅವರು ಬಾಗಿ ಎರಡು ಅಂಗೈಗಳ ನಡುವೆ ಪಾಸ್‌ಬುಕ್ಕನ್ನು ಜಾಣತನದಿಂದ ಎತ್ತಿಕೊಂಡು, "ಅಂಜಬ್ಯಾಡ್ರಿ. ಗುಳಗಿ ಮುಗಿಸಿ ಎಷ್ಟೋ ವರ್ಷ ಆತು. ಬ್ಯಾನಿ ಅಲ್ಲೇ ದೊರಸಾನಿ ದವಾಖಾನ್ಯಾಗ ಬಿಟ್ಟ್ ಬಂದೀನ್ರಿ, ದಿಚ್‌ಪಲ್ಲ್ಯಾಗ. ಕೈ ಅಷ್ಟ ತಂದೀನಿ" ಎಂದು ಹೊರಟುಹೋದರು. ಅಂದು ಮಧ್ಯಾಹ್ನ ಊಟಕ್ಕೆ ಮುನ್ನ ನಾನು ಎರಡು ಬಾರಿ ಸೋಪು ಹಚ್ಚಿ ಕೈ ತೊಳೆದೆನೆಂಬುದನ್ನೂ ಇಲ್ಲಿ ದಾಖಲಿಸಬೇಕು.

ದೊರಸಾನಿ ಎಂದರೆ ಈ ಭಾಗದಲ್ಲಿ ದೊರೆಯ ಹೆಂಡತಿ, ಬಿಳಿಯರ ಕಾಲದಲ್ಲಿ ಬಿಳಿಯ ಹೆಂಗಸು. ಯಾರೀ ದೊರಸಾನಿ ಎಂಬ ಕುತೂಹಲದಿಂದ ಓದಲು ತೊಡಗಿದೆ. ಆಕೆಯ ಹೆಸರು ಇಸಾಬೆಲ್ ಕೆರ್. ಸ್ಕಾಟ್ಲೆಂಡಿನ ಒಬ್ಬ ರೈತನ ಮಗಳು, 1875ರಲ್ಲಿ ಜನಿಸಿದವಳು. ಹೆಂಗಸರು ವೈದ್ಯಕೀಯ ಓದುವುದೇ ಅಪರೂಪವಾಗಿದ್ದ ಕಾಲದಲ್ಲಿ, 1903ರಲ್ಲಿ, ಅಬರ್ಡೀನ್ ವಿಶ್ವವಿದ್ಯಾಲಯದ ವೈದ್ಯ ಪದವಿ ಪಡೆದಳು. ಪತಿ ಜಾರ್ಜ್ ಕೆರ್ ಪಾದ್ರಿಯಾಗುವ ಮೊದಲು ಮರಗೆಲಸದವನಾಗಿದ್ದ. ವೆಸ್ಲಿಯನ್ ಮಿಷನ್ ಈ ದಂಪತಿಗಳನ್ನು 1907ರಲ್ಲಿ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಕಳುಹಿಸಿತು. ರಾಯಚೂರು, ಗುಲ್ಬರ್ಗಾ, ಬೀದರ್ ಜಿಲ್ಲೆಗಳೂ ಆಗ ಅದೇ ಸಂಸ್ಥಾನದ ಭಾಗಗಳಾಗಿದ್ದುವೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಯಾದಗಿರಿಯ ರೋಗಿಗೆ ದಿಚ್‌ಪಲ್ಲಿ ಪರರಾಜ್ಯವಾಗಿರಲಿಲ್ಲ.

ಸಾಮಾನ್ಯ ಚಿಕಿತ್ಸೆಗೆಂದು ನಿಜಾಮಾಬಾದಿಗೆ ಬಂದ ಇಸಾಬೆಲ್‌ಗೆ ಎದುರಾದದ್ದು ಕುಷ್ಠರೋಗಿಗಳು. ಅವರಿಗಾಗಿ ಅಲ್ಲಿ ಯಾವ ವ್ಯವಸ್ಥೆಯೂ ಇರಲಿಲ್ಲ. ಊರು ಹೊರಹಾಕಿದವರು ರಸ್ತೆಯಲ್ಲಿರುತ್ತಿದ್ದರು, ರಸ್ತೆಯಲ್ಲಿರುವವರು ಭಿಕ್ಷೆ ಬೇಡುತ್ತಿದ್ದರು. ಬ್ರಿಟಿಷ್ ಇಂಡಿಯಾದಲ್ಲಾದರೋ 1898ರಲ್ಲಿ ಇವರಿಗಾಗಿಯೇ ಒಂದು ಕಾಯಿದೆ ಬಂದಿತ್ತು. ಅದನ್ನು ಓದಿದಾಗ ಬೆರಗಾಯಿತು. ಹಿಡಿದು ಆಶ್ರಮಕ್ಕೆ ಕಳುಹಿಸುವ ಅಧಿಕಾರ ಇದ್ದದ್ದು ಎಲ್ಲ ಕುಷ್ಠರೋಗಿಗಳ ಮೇಲಲ್ಲ, ನಿರ್ಗತಿಕರಾದ, ಬೀದಿಯಲ್ಲಿ ಭಿಕ್ಷೆ ಬೇಡುವ ಕುಷ್ಠರೋಗಿಗಳ ಮೇಲೆ. ಮನೆಯಲ್ಲಿ ಅನ್ನವಿದ್ದವನನ್ನು ಹಾಗೆ ಹಿಡಿದು ಕಳುಹಿಸುವಂತಿರಲಿಲ್ಲ. ಆ ಕಾಯಿದೆ ನಮ್ಮ ಪುಸ್ತಕಗಳಿಂದ ತೊಲಗಿದ್ದು 2016ರಲ್ಲಿ.

1911ರಲ್ಲಿ ಕೆರ್ ದಂಪತಿಗಳು ನಿಜಾಮಾಬಾದಿನಲ್ಲಿ ಈ ರೋಗಿಗಳಿಗೆ ಒಂದು ನೆಲೆ ಆರಂಭಿಸಿದರು. ಅದು ಸಾಲದಾದಾಗ ನೆರವಿಗೆ ಬಂದವರು ರಾಜಾ ನರಸಾ ಗೌಡರೆಂಬ ಹಿಂದೂ ದಾನಿಗಳು. ಅವರ ಔದಾರ್ಯದಿಂದ 1915ರಲ್ಲಿ ದಿಚ್‌ಪಲ್ಲಿಯಲ್ಲಿ ಆಸ್ಪತ್ರೆ ತಲೆಯೆತ್ತಿತು. ಮಿಷನರಿಗಳು ತಮ್ಮ ಮತದ ಕೆಲಸಕ್ಕಾಗಿ ಬಂದವರೆಂಬುದು ನಿಜ. ಆ ವಿಷಯದಲ್ಲಿ ನಮ್ಮವರ ಆಕ್ಷೇಪಗಳೂ ನನಗೆ ಗೊತ್ತು. ಆದರೆ ಲೆಕ್ಕಪತ್ರ ನೋಡುವವನ ಕಣ್ಣಿನಿಂದ ನೋಡಿದರೆ, ಮುಸ್ಲಿಂ ದೊರೆಯ ರಾಜ್ಯದಲ್ಲಿ, ಹಿಂದೂ ಗೃಹಸ್ಥರ ಹಣದಿಂದ, ಕ್ರೈಸ್ತ ವೈದ್ಯೆ ನಡೆಸಿದ ಈ ಆಸ್ಪತ್ರೆಯಲ್ಲಿ ಯಾವ ಬಾಬನ್ನು ಯಾರ ಹೆಸರಿಗೆ ಜಮಾ ಮಾಡಬೇಕೆಂಬುದು ಸುಲಭದ ಕೆಲಸವಲ್ಲ.

ಆಕೆಯ ದಿನಚರಿಯನ್ನು ಊಹಿಸಿಕೊಳ್ಳಲು ಆ ಕಾಲದ ಚಿಕಿತ್ಸೆ ಎಂಥದೆಂದು ತಿಳಿದರೆ ಸಾಕು. ರೋಗದ ಕ್ರಿಮಿಯನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿಯೇ ಕಂಡುಹಿಡಿದಿದ್ದರೂ ಅದನ್ನು ಕೊಲ್ಲುವ ಮದ್ದು ಯಾರಲ್ಲಿಯೂ ಇರಲಿಲ್ಲ. ನಮ್ಮ ದೇಶದ ಹಳೆಯ ಔಷಧವೊಂದು ಮಾತ್ರ ಇತ್ತು. ಪಶ್ಚಿಮ ಘಟ್ಟದ ಹೊಳೆದಂಡೆಗಳಲ್ಲಿ ಬೆಳೆಯುವ ಗರುಡಫಲದ ಮರವನ್ನು ಮಲೆನಾಡಿನ, ಕರಾವಳಿಯ ಓದುಗರು ನೋಡಿರಬಹುದು. ಮಲೆಯಾಳಿಗಳು ಅದನ್ನು ಮರೋಟಿ ಎನ್ನುತ್ತಾರೆ. ಅದರ ಬೀಜದ ಎಣ್ಣೆಯನ್ನು ಕುಡಿಸಿದರೆ ರೋಗಿಗೆ ವಾಕರಿಕೆ, ವಾಂತಿ. 1920ರ ವೇಳೆಗೆ ರೋಜರ್ಸ್, ಮ್ಯೂರ್ ಮೊದಲಾದ ವೈದ್ಯರು ಅದನ್ನು ಸೂಜಿಯ ಮೂಲಕ ಕೊಡುವ ಕ್ರಮವನ್ನು ರೂಢಿಗೆ ತಂದರು, ಕೆರ್ ದಂಪತಿಗಳು ದಿಚ್‌ಪಲ್ಲಿಯಲ್ಲಿ ಅದನ್ನು ಉತ್ಸಾಹದಿಂದ ಕೈಗೊಂಡರು. ಮಂದವಾದ ಎಣ್ಣೆ, ನೋವಿನ ಸೂಜಿ, ವಾರವಾರವೂ ತಿಂಗಳಾನುಗಟ್ಟಲೆ ಹಾಕಬೇಕು. ಅದರ ಜೊತೆಗೆ ಹುಣ್ಣು ತೊಳೆಯುವುದು, ಪಟ್ಟಿ ಕಟ್ಟುವುದು, ಪಥ್ಯದ ಊಟ. ತೆಲಂಗಾಣದ ಬೇಸಗೆಯಲ್ಲಿ, ವಿದ್ಯುತ್ ಬೀಸಣಿಗೆಯಿಲ್ಲದ ಕೊಠಡಿಯಲ್ಲಿ, ಸ್ಕಾಟ್ಲೆಂಡಿನ ಚಳಿಯಲ್ಲಿ ಬೆಳೆದ ಹೆಂಗಸು ಇದನ್ನು ವರ್ಷಾನುವರ್ಷ ಮಾಡಿದಳು. ಫಲ ಎಲ್ಲರಿಗೂ ಸಮನಾಗಿ ಸಿಗುತ್ತಿರಲಿಲ್ಲ. ರೋಗದ ಆರಂಭದಲ್ಲಿ ಬಂದವರಿಗೆ ಗುಣ ಕಾಣುತ್ತಿತ್ತು, ತಡವಾಗಿ ಬಂದವರಿಗೆ ಕಡಿಮೆ. ಆದರೂ ಬರಿಯ ಆಶ್ರಯವಾಗಿದ್ದ ಸ್ಥಳ ಆಸ್ಪತ್ರೆಯಾಯಿತು. ಸಾಯಲು ಬರುವವರ ಬದಲು ಗುಣವಾಗಲು ಬರುವವರು ಬರತೊಡಗಿದರು.

1923ರಲ್ಲಿ ಸರ್ಕಾರ ದಂಪತಿಗಳಿಗೆ ಕೈಸರ್-ಇ-ಹಿಂದ್ ಪದಕ ನೀಡಿತು. 1932ರ ಜನವರಿಯಲ್ಲಿ ಇಸಾಬೆಲ್ ದಿಚ್‌ಪಲ್ಲಿಯಲ್ಲಿಯೇ ತೀರಿಕೊಂಡಳು. ಬ್ಯಾಂಕಿನ ಕೆಲಸದ ಮೇಲೆ ನಿಜಾಮಾಬಾದಿಗೆ ಹೋಗುವಾಗ ಬಂಡೆಯ ಮೇಲಿನ ರಾಮಾಲಯವನ್ನು ತೋರಿಸಿ ಸಹಪ್ರಯಾಣಿಕರೊಬ್ಬರು ಇದೇ ದಿಚ್‌ಪಲ್ಲಿ ಎಂದಿದ್ದರು. ದೇವಸ್ಥಾನದ ಶಿಲ್ಪವನ್ನು ವರ್ಣಿಸಿದರು, ಆಸ್ಪತ್ರೆಯ ಮಾತನ್ನು ಎತ್ತಲಿಲ್ಲ.

ನಮ್ಮ ಮಂಗಳೂರಿನಲ್ಲೂ ಇಂಥದೇ ಒಂದು ಕಥೆಯಿದೆ, ಅದರ ವಾಣಿಜ್ಯ ಭಾಗ ನನಗೆ ವಿಶೇಷವಾಗಿ ಹಿಡಿಸಿತು. ಜರ್ಮನಿಯ ಜೆಸ್ಯೂಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1878ರ ಕೊನೆಯಲ್ಲಿ ಮಂಗಳೂರಿಗೆ ಬಂದರು. 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡಲು ಆರಂಭಿಸಿ, 1890ರಲ್ಲಿ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಹಣವೆಲ್ಲಿಂದ? ಹಣವುಳ್ಳವರಿಗೆ ಔಷಧ ಮಾರಿ, ಬಂದ ಲಾಭವನ್ನು ಬಡವರ ಚಿಕಿತ್ಸೆಗೆ ಹಾಕಿದರು. ಆ ಔಷಧಗಳ ಗುಣದ ಬಗ್ಗೆ ವೈದ್ಯರು ವಾದಿಸಲಿ. ಆ ರೋಗಿಗೆ ಆಗ ಸೂರು, ಗಂಜಿ, ಶುಭ್ರವಾದ ಪಟ್ಟಿ ಇವು ಸಿಕ್ಕಿದ್ದೇ ಬಹಳ. 1910ರಲ್ಲಿ ಅವರು ತೀರಿಕೊಂಡರು, ಆಸ್ಪತ್ರೆ ಬೆಳೆದು ಇಂದು ವೈದ್ಯ ಕಾಲೇಜಾಗಿದೆ.

ಆದರೆ ನನ್ನ ಮೇಜಿನ ಮೇಲೆ ಬಂದು ಕುಳಿತ ಆ ಕೈಯ ಪ್ರಶ್ನೆ ಉಳಿದೇ ಇತ್ತು. ರೋಗ ಗುಣವಾಗಿದೆಯೆಂದರೆ ಬೆರಳು ಹೋದದ್ದು ಹೇಗೆ? ಕುಷ್ಠದಲ್ಲಿ ಮಾಂಸ ಕೊಳೆತು ಬೆರಳು ಉದುರುತ್ತದೆಂದು ನಾನೂ, ಬಹುಶಃ ನೀವೂ, ಬಾಲ್ಯದಿಂದ ನಂಬಿ ಬಂದವರು. ಇದು ತಪ್ಪೆಂದು ತೋರಿಸಿಕೊಟ್ಟವರಲ್ಲಿ ಮುಖ್ಯರು ಡಾ. ಪಾಲ್ ಬ್ರ್ಯಾಂಡ್. ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ ಮಿಷನರಿ ದಂಪತಿಗಳ ಮಗನಾಗಿ 1914ರಲ್ಲಿ ಹುಟ್ಟಿದ ಇವರು ಇಂಗ್ಲೆಂಡಿನಲ್ಲಿ ಶಸ್ತ್ರವೈದ್ಯರಾಗಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕ್ರಿಮಿ ಹಾಳುಮಾಡುವುದು ಮುಖ್ಯವಾಗಿ ನರವನ್ನು. ನರ ಸತ್ತರೆ ನೋವು ಸಾಯುತ್ತದೆ. ನೋವಿಲ್ಲದವನು ಬಿಸಿ ಪಾತ್ರೆಯನ್ನು ಬಿಡುವುದಿಲ್ಲ, ಚಪ್ಪಲಿಯೊಳಗಿನ ಮೊಳೆಯನ್ನು ಅರಿಯುವುದಿಲ್ಲ. ಗಾಯದ ಮೇಲೆ ಗಾಯವಾಗಿ, ಕೀವು ತುಂಬಿ, ಮೂಳೆ ಸವೆದು, ಬೆರಳು ವರ್ಷಗಳಲ್ಲಿ ಗಿಡ್ಡವಾಗುತ್ತ ಹೋಗುತ್ತದೆ. ಉದುರುವುದಿಲ್ಲ, ಕರಗುತ್ತದೆ. ಔಷಧದಿಂದ ಕ್ರಿಮಿ ಸತ್ತ ಮೇಲೂ ಸತ್ತ ನರ ಮರಳಿ ಬರುವುದಿಲ್ಲವಾದ್ದರಿಂದ ಈ ನಷ್ಟ ಮುಂದುವರಿಯುತ್ತಲೇ ಇರಬಹುದು.

ವೆಲ್ಲೂರಿನಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಸಂಗತಿ ನಡೆಯಿತು. ಕೆಲವು ರೋಗಿಗಳ ಬೆರಳಿನ ತುಂಡೇ ರಾತ್ರಿ ಬೆಳಗಾಗುವುದರೊಳಗೆ ಕಾಣೆಯಾಗುತ್ತಿತ್ತು. ನಿದ್ರೆಗೆಟ್ಟು ಕಾದು ನೋಡಿದಾಗ ಕಳ್ಳ ಸಿಕ್ಕಿದ: ಇಲಿ. ನೆಲದ ಮೇಲೆ ಮಲಗಿದವನ ನೋವಿಲ್ಲದ ಬೆರಳನ್ನು ಇಲಿ ಕಡಿಯುತ್ತಿದ್ದರೂ ಅವನಿಗೆ ಎಚ್ಚರವಾಗುತ್ತಿರಲಿಲ್ಲ. ಅಂದಿನಿಂದ ಅಲ್ಲಿಂದ ಮನೆಗೆ ಹೋಗುವ ರೋಗಿಯ ಜೊತೆಗೆ ಒಂದು ಬೆಕ್ಕನ್ನೂ ಕೊಟ್ಟು ಕಳುಹಿಸತೊಡಗಿದರು. ನಾನು ಇದನ್ನು ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಇಲಿ ಓಡಾಡುವ ಗುಡಿಸಲು, ನೆಲದ ಮೇಲಿನ ಹಾಸಿಗೆ ಇವು ವೈದ್ಯಶಾಸ್ತ್ರದ ಯಾವ ಅಧ್ಯಾಯಕ್ಕೆ ಸೇರುತ್ತವೆ? ಮಂಚವಿದ್ದವನಿಗೆ ಆ ಬೆರಳು ಉಳಿಯುತ್ತಿತ್ತು.

ಬ್ರ್ಯಾಂಡ್ ಅವರು ಒಳ್ಳೆಯ ಸ್ನಾಯುವಿನ ತಂತುವನ್ನು ಸರಿಸಿ ಜೋಡಿಸಿ, ಪಂಜದಂತೆ ಮಡಿಸಿಕೊಂಡ ಬೆರಳುಗಳನ್ನು ಮತ್ತೆ ಚಾಚುವಂತೆ ಮಾಡುವ ಶಸ್ತ್ರಕ್ರಿಯೆಯನ್ನು ರೂಪಿಸಿದರು. ಎಷ್ಟೋ ಮಂದಿ ಆ ಕೈಗಳಿಂದ ಅನ್ನ ಕಲಸಿ ತಿಂದರು. ಆದರೆ ಗುಣವಾಗಿ ಹೋದವರಲ್ಲೊಬ್ಬ ಹಿಂದಿರುಗಿ ಬಂದು, ನೀವು ಕೊಟ್ಟ ಕೈ ಭಿಕ್ಷೆಗೆ ಬಾರದು ಎಂದು ದೂರಿದನಂತೆ. ಮೊದಲು ಮಡಿಸಿದ ಕೈ ಕಂಡು ಜನ ಕಾಸು ಹಾಕುತ್ತಿದ್ದರು, ಈಗ ಹಾಕುತ್ತಿಲ್ಲ. ಕುಷ್ಠರೋಗಿಯೆಂದು ಯಾರೂ ಕೆಲಸವನ್ನೂ ಕೊಡುತ್ತಿಲ್ಲ. ವಾಣಿಜ್ಯ ವಿದ್ಯಾರ್ಥಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಮನುಷ್ಯನ ಬಳಿಯಿದ್ದ ಏಕೈಕ ಬಂಡವಾಳವೇ ಆ ವಿಕಾರ. ಶಸ್ತ್ರಕ್ರಿಯೆ ಅದನ್ನು ಕಿತ್ತುಕೊಂಡು ಪ್ರತಿಯಾಗಿ ಏನನ್ನೂ ಕೊಟ್ಟಿರಲಿಲ್ಲ. ಬ್ರ್ಯಾಂಡ್ ಅವರು ಆ ದೂರನ್ನು ತಮಾಷೆಯೆಂದು ತಳ್ಳಿಹಾಕಲಿಲ್ಲ. ಆಸ್ಪತ್ರೆಯ ಆವರಣದಲ್ಲಿಯೇ ಮಣ್ಣಿನ ಗುಡಿಸಲುಗಳ ಒಂದು ಸಣ್ಣ ಹಳ್ಳಿ ಕಟ್ಟಿಸಿ, ಗುಣವಾದವರಿಗೆ ಮರಗೆಲಸ, ಆಟಿಕೆ ತಯಾರಿಕೆ ಕಲಿಸಿದರು. ನವ ಜೀವ ನಿಲಯಂ ಎಂದು ಅದರ ಹೆಸರು. ಬೆಕ್ಕು ಹೊರಟದ್ದೂ ಅಲ್ಲಿಂದಲೇ. ಜಜ್ಜಿದ ಪಾದಗಳಿಗೆ ಮೆತ್ತನೆಯ ಸಣ್ಣ ರಂಧ್ರಗಳ ರಬ್ಬರಿನ ಚಪ್ಪಲಿ ಬಳಕೆಗೆ ಬಂದದ್ದೂ ವೆಲ್ಲೂರಿನ ಈ ಕೆಲಸದಿಂದಲೇ. ಇಂದಿಗೂ ಸರ್ಕಾರಿ ಆಸ್ಪತ್ರೆಗಳು ಅದನ್ನು ಕೊಡುತ್ತವೆ. ನಮ್ಮ ವೃದ್ಧರ ಕಾಲಿನಲ್ಲಿದ್ದುದು ಅದೇ.

ಇನ್ನು ಆರೋಗ್ಯ ಲೇಖನವೆಂದ ಮೇಲೆ ಓದುಗರಿಗೆ ತಿಳಿದಿರಲೇಬೇಕಾದ ನಾಲ್ಕು ಮಾತು. ಕುಷ್ಠರೋಗ ವಂಶಪಾರಂಪರ್ಯವಲ್ಲ, ಪಾಪದ ಫಲವೂ ಅಲ್ಲ. ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿಗೆ ಅದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಚಿಕಿತ್ಸೆ ಪಡೆಯದ ರೋಗಿಯ ಜೊತೆ ಬಹುಕಾಲ ನಿಕಟವಾಗಿ ಬಾಳಿದರೆ ಅಂಟಬಹುದೇ ಹೊರತು, ಕೈ ಕುಲುಕಿದರೆ, ಒಂದೇ ಬಸ್ಸಿನಲ್ಲಿ ಕುಳಿತರೆ ಅಂಟುವುದಿಲ್ಲ. ಔಷಧ ಆರಂಭಿಸಿದ ಮೇಲೆ ರೋಗಿಯಿಂದ ಇತರರಿಗೆ ಹರಡುವ ಭಯ ಬೇಗನೆ ಇಲ್ಲವಾಗುತ್ತದೆ. ತೊನ್ನು ಬೇರೆ, ಕುಷ್ಠ ಬೇರೆ. ತೊನ್ನಿನ ಮಚ್ಚೆ ಹಾಲಿನಂತೆ ಬಿಳುಪು, ಅಲ್ಲಿ ಸ್ಪರ್ಶ ತಿಳಿಯುತ್ತದೆ. ಕುಷ್ಠದ ಮಚ್ಚೆ ಸುತ್ತಲಿನ ಚರ್ಮಕ್ಕಿಂತ ತುಸು ತಿಳಿ ಅಥವಾ ಕೆಂಪು ಬಣ್ಣದ್ದು, ತುರಿಕೆಯಿಲ್ಲ, ನೋವಿಲ್ಲ, ಹತ್ತಿಯ ಎಳೆಯಿಂದ ಸವರಿದರೆ ತಿಳಿಯುವುದಿಲ್ಲ. ಇದರ ಜೊತೆಗೆ ಕೈಕಾಲು ಜೋಮು ಹಿಡಿಯುವುದು, ಗುಂಡಿ ಹಾಕಲು ಬಾರದಿರುವುದು, ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗದಿರುವುದು ಕಂಡರೆ ತಡಮಾಡಬಾರದು.

1940ರ ದಶಕದಲ್ಲಿ ಡ್ಯಾಪ್ಸೋನ್ ಬಂದು ಗರುಡಫಲದ ಎಣ್ಣೆಗೆ ನಿವೃತ್ತಿ ಕೊಟ್ಟಿತು. ಅದೊಂದನ್ನೇ ವರ್ಷಗಟ್ಟಲೆ ತಿನ್ನಬೇಕಾಗಿತ್ತು, ಕ್ರಿಮಿಯೂ ಅದಕ್ಕೆ ಒಗ್ಗಿಹೋಗತೊಡಗಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಿಫಾಂಪಿಸಿನ್, ಕ್ಲೊಫಾಜಿಮಿನ್, ಡ್ಯಾಪ್ಸೋನ್‌ಗಳ ಬಹು ಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಆರು ತಿಂಗಳು, ರೋಗ ಹೆಚ್ಚಿದ್ದರೆ ಹನ್ನೆರಡು ತಿಂಗಳು, ಅಷ್ಟೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಾಸಿಲ್ಲದೆ ಸಿಗುತ್ತದೆ. ಮೂತ್ರ ಕೆಂಪಾಯಿತು, ಮೈ ಕಪ್ಪಾಯಿತು ಎಂದು ಹೆದರಿ ಗುಳಿಗೆ ಬಿಡುವವರುಂಟು. ಇವೆರಡೂ ಔಷಧದ ಬಣ್ಣ, ಕ್ರಮೇಣ ಹೋಗುತ್ತವೆ. ಆದರೆ ಚಿಕಿತ್ಸೆಯ ನಡುವೆ ಮಚ್ಚೆ ಊದಿ ಕೆಂಪಾದರೆ, ನರದಲ್ಲಿ ನೋವೆದ್ದರೆ, ಕೈ ಬಲ ತಪ್ಪಿದರೆ ಕೂಡಲೇ ವೈದ್ಯರಿಗೆ ತೋರಿಸಬೇಕು, ಗುಳಿಗೆ ನಿಲ್ಲಿಸಬಾರದು. 2005ರ ಕೊನೆಯಲ್ಲಿ ನಮ್ಮ ದೇಶ ರೋಗವನ್ನು ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗೆ ಇಳಿಸಿತು. ಅದನ್ನು ನಿರ್ಮೂಲನೆ ಎಂದು ಸಾರಿದ್ದರಿಂದ ರೋಗ ಇಲ್ಲವೇ ಆಯಿತೆಂದು ಬಹಳ ಮಂದಿ ತಿಳಿದರು. ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಅನಂತರವೂ ನಮ್ಮ ದೇಶದ್ದೇ. ನಿಮ್ಮ ಮನೆಯ ಕೆಲಸದಾಕೆ, ಅಪಾರ್ಟ್‌ಮೆಂಟಿನ ಕಾವಲುಗಾರ, ಕಟ್ಟಡದ ಕೂಲಿಯವನು ಮೈಮೇಲಿನ ಮಚ್ಚೆ ತೋರಿಸಿದರೆ ಕೆಲಸದಿಂದ ಬಿಡಿಸುವ ಬದಲು ಹತ್ತಿರದ ಬಸ್ತಿ ದವಾಖಾನೆಗೆ ಕಳುಹಿಸಿರಿ. ಬಿಡಿಸುತ್ತೀರೆಂಬ ಭಯದಿಂದಲೇ ಅವರು ಅದನ್ನು ಮುಚ್ಚಿಡುತ್ತಾರೆ, ಮುಚ್ಚಿಟ್ಟಷ್ಟೂ ನರ ಸಾಯುತ್ತದೆ.

ಮತ್ತೆ ನಮ್ಮ ಶಾಖೆಗೆ ಬರೋಣ. ಅಂದು ಸಂಜೆ ನಾನು ನಿಯಮಾವಳಿಯನ್ನು ತೆರೆದು ನೋಡಿದೆ. ಇಪ್ಪತ್ತು ವರ್ಷಗಳಿಂದ ಬ್ಯಾಂಕಿನಲ್ಲಿರುವ ನನಗೆ ಅದು ಗೊತ್ತಿರಬೇಕಾಗಿತ್ತು. ಹೆಬ್ಬೆಟ್ಟು ಒತ್ತಲಾಗದ ಖಾತೆದಾರರಿಂದ ಕಾಲ್ಬೆರಳಿನ ಗುರುತು ಪಡೆಯಬಹುದು. ಅದೂ ಆಗದಿದ್ದರೆ ಅವರು ಹಾಕಬಲ್ಲ ಯಾವುದಾದರೊಂದು ಗುರುತು ಸಾಕು. ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲೊಬ್ಬ ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಅಂದರೆ ನಾನು ನಾಳೆ ಕರೆದುಕೊಂಡು ಬನ್ನಿ ಎಂದ ಇಬ್ಬರು ಸಾಕ್ಷಿಗಳಲ್ಲಿ ಒಬ್ಬ ನಾನೇ ಆಗಬಹುದಾಗಿತ್ತು. ಆಧಾರ್ ನೋಂದಣಿಯಲ್ಲೂ ಬೆರಳಚ್ಚು ಮೂಡದವರಿಗೆ ಕಣ್ಣಿನ ಗುರುತಿನ ದಾರಿಯಿದೆ, ಅದೂ ಇಲ್ಲದವರಿಗೂ ವಿನಾಯಿತಿಯಿದೆ. ಈ ವಿಷಯ ತಿಳಿಯದ ನನ್ನಂಥ ಅಧಿಕಾರಿಗಳ ಮುಂದೆ ನಿಂತು ಹಿಂದಿರುಗಿದವರು ಎಷ್ಟು ಮಂದಿಯೋ.

ಅವರು ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಖಾತೆಯ ಕಾಗದದಲ್ಲಿದ್ದ ವಿಳಾಸ ಹಿಡಿದು ಶನಿವಾರ ನಾನೇ ಹೋದೆ. ಕೈಗಾರಿಕಾ ವಸಾಹತಿನ ಒಂದು ಗೋದಾಮಿನ ಗೇಟಿನ ಪಕ್ಕದ ತಗಡಿನ ಕೋಣೆ, ರಾತ್ರಿ ಕಾವಲಿನ ಕೆಲಸ. ನನ್ನನ್ನು ಕಂಡು ಎದ್ದು ನಿಂತರು. ಕುರ್ಚಿಯಿರಲಿಲ್ಲ, ಹೊರಜಿ ಮಂಚದ ಮೇಲೆ ಕುಳಿತೆ. ಖಾತೆ ತೆರೆದಾಗ ಹೆಬ್ಬೆರಳಿನ ಬುಡ ಇನ್ನೂ ಉಳಿದಿತ್ತಂತೆ. ಮುಂದೊಂದು ಚಳಿಗಾಲ ಬೆಂಕಿ ಕಾಯಿಸುತ್ತ ತೂಕಡಿಸಿದಾಗ ಅದೂ ಹೋಯಿತು. "ವಾಸನಿ ಬಂದ ಮ್ಯಾಲ ಗೊತ್ತಾತ್ರಿ" ಎಂದರು, ಬೇರೆ ಯಾರದೋ ಕೈಯ ವಿಷಯ ಹೇಳುವಂತೆ.

ಹದಿಹರೆಯದಲ್ಲಿ ಮಚ್ಚೆ ಕಂಡಿತ್ತು. ಊರಿನಲ್ಲಿ ಬಾವಿಗೆ ಬರಬೇಡವೆಂದರು. ಅಣ್ಣನೊಬ್ಬ ದಿಚ್‌ಪಲ್ಲಿಗೆ ತಂದು ಬಿಟ್ಟುಹೋದ, ಮತ್ತೆ ಬರಲಿಲ್ಲ. ಕೆಲವು ವರ್ಷ ಅಲ್ಲಿಯೇ ಇದ್ದು, ಗುಳಿಗೆ ತಿಂದು, ತೋಟದಲ್ಲಿ ದುಡಿದು, ಮುಂದೆ ಈ ಕಡೆ ಶೆಡ್ಡುಗಳು ಏಳುವಾಗ ಮಣ್ಣು ಹೊರಲು ಬಂದರು. ದೊರಸಾನಿಯನ್ನು ಅವರು ಕಂಡಿರಲು ಸಾಧ್ಯವಿಲ್ಲ. ಅವರು ಹುಟ್ಟುವ ಮೊದಲೇ ಆಕೆ ಹೋಗಿದ್ದಳು. "ಹಳೇ ಮಂದಿ ಹೇಳ್ತಿದ್ರು. ಆಕಿ ಬರೀ ಕೈಲೆ ಮುಟ್ಟತಿದ್ಳಂತ" ಎಂದಷ್ಟೇ ಹೇಳಿದರು. ಇದು ಚರಿತ್ರೆಯೋ ಆಸ್ಪತ್ರೆಯ ಅಂಗಳದ ಐತಿಹ್ಯವೋ ನಾನು ವಿಚಾರಿಸಲು ಹೋಗಲಿಲ್ಲ. ನನ್ನ ಕುರ್ಚಿಯ ವಿಷಯ ಅವರು ಎತ್ತಲಿಲ್ಲ. ನಾನೇ ಎತ್ತಿ, ತಪ್ಪಾಯಿತು ಯಜಮಾನರೆ ಎಂದೆ. "ಇರ್ಲಿ ಬಿಡ್ರಿ, ಚಾ ಕುಡೀತೀರೇನು?" ಎಂದರು. ಕುಡಿದೆ.

ಸೋಮವಾರ ಅವರ ಕಾಲಿನ ಹೆಬ್ಬೆರಳಿನ ಗುರುತನ್ನು ನಾನೇ ಹಿಡಿದು ಒತ್ತಿಸಿದೆ. ಮೊದಲ ಸಲ ಶಾಯಿ ಹರಡಿತು, ಎರಡನೆಯ ಸಲ ಸರಿಯಾಗಿ ಮೂಡಿತು. ಕಾಲಿನ ಅಡಿಯಲ್ಲಿ ಅವರಿಗೇ ತಿಳಿಯದ ಒಂದು ಹುಣ್ಣಿತ್ತು. ಕ್ಯಾಷಿಯರ್ ಹುಡುಗನ ಮೋಟಾರ್ ಸೈಕಲ್ಲಿನಲ್ಲಿ ಆರೋಗ್ಯ ಕೇಂದ್ರಕ್ಕೆ ಕಳುಹಿಸಿದೆವು. ಅದು ಮಾಯಲು ಎರಡು ತಿಂಗಳು ಹಿಡಿಯಿತು. ಈಗ ಪ್ರತಿ ತಿಂಗಳು ಬರುತ್ತಾರೆ. ನೋಟು ಎಣಿಸಲು ಬಾರದು, ನಾನು ಅವರೆದುರು ಜೋರಾಗಿ ಎಣಿಸಿ ಕೊರಳಿನ ಚೀಲಕ್ಕೆ ಹಾಕುತ್ತೇನೆ. ಸಾಲಿನಲ್ಲಿ ನಿಂತ ಕೆಲವರು ಈಗಲೂ ಅವರಿಂದ ಒಂದು ಹೆಜ್ಜೆ ದೂರ ನಿಲ್ಲುತ್ತಾರೆ.

ಕಳೆದ ಸಂಕ್ರಾಂತಿಯಲ್ಲಿ ಅವರ ಊರಿನ ಕಡೆಯ ಕೂಲಿಯ ಹೆಣ್ಣುಮಗಳೊಬ್ಬಳು ಕೊಟ್ಟ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ತಂದು ನನ್ನ ಮೇಜಿನ ಮೇಲಿಟ್ಟರು. ಒಂದು ರೊಟ್ಟಿಯನ್ನು ಅಲ್ಲಿಯೇ ತಿಂದು ಉಳಿದದ್ದನ್ನು ಮನೆಗೆ ಒಯ್ದೆ. ಯಾರು ಕೊಟ್ಟದ್ದೆಂದು ನನ್ನ ಮನೆಯಾಕೆ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ ನನ್ನ ಮುಖವನ್ನೊಮ್ಮೆ, ರೊಟ್ಟಿಯನ್ನೊಮ್ಮೆ ನೋಡಿ, ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, "ಹಿಂಡಿ ಬಹಳ ಖಾರ, ಮಜ್ಜಿಗೆ ತರುತ್ತೇನೆ ಇರಿ" ಎಂದು ಒಳಗೆ ಹೋದಳು.